ಎರಡೂಮುಕ್ಕಾಲು ಮೀಟರಿನ ಸೀರೆ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದಲ್ಲಿ ನನ್ನ ಪಾಲು ಒಂದೇ ಒಂದು ವಾಕ್ಯ. ಅದನ್ನೂ ನಾನಾಗಿ ಬರೆದದ್ದಲ್ಲ. ಪಕ್ಕದ ಮನೆಯ ಶಂಕರೆಪ್ಪ ನನ್ನ ಕಟ್ಟೆಯ ಮೇಲೆ ಕೂತು, ನನ್ನ ಚಹಾ ಕುಡಿದು, ನನ್ನ ಪೆನ್ನಿನಿಂದಲೇ ಬರೆಸಿದ್ದು. ಆದರೂ ಬನಹಟ್ಟಿಯ ನಮ್ಮ ಓಣಿಯಲ್ಲಿ ಇವತ್ತಿಗೂ ಜನ "ಅಪ್ಪಾಸಾಬ ಮಾಸ್ತರ ಬರದ ಕೆಡಿಸಿದ್ರು" ಎನ್ನುತ್ತಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ಬರೆದು ಕೆಡಿಸಿದವನು ನಾನಲ್ಲ. ಬಾಯಿ ಬಿಟ್ಟು ಕೆಡಿಸಿದವನು ಶಂಕರೆಪ್ಪ. ಅದೂ ಎಲ್ಲಿ? ಮುಧೋಳದಲ್ಲಿ, ಬೀಗರ ಮನೆಯಲ್ಲಿ, ಮಗಳು ಕಾಂಚನಾಳ ನಿಶ್ಚಯದ ದಿನ, ಊಟದ ಪಂಕ್ತಿಯಲ್ಲಿ.

ವರನ ತಂದೆ ಗಿರಿಮಲ್ಲಪ್ಪನವರು ಮುಧೋಳದಲ್ಲಿ ಆರ್ಕೆಸ್ಟ್ರಾ ನಡೆಸುತ್ತಾರೆ. ಲಗ್ನ, ಗಣಪತಿ, ಕಾರ್ಖಾನೆಯಲ್ಲಿ ಕಬ್ಬು ಅರೆಯಲು ಶುರುಮಾಡುವ ಸಮಾರಂಭ, ಏನಿದ್ದರೂ ಅವರದೇ ಮೈಕು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅವರು ಅಂದರು:

"ನಮ್ಮ ಆರ್ಕೆಸ್ಟ್ರಾಕ್ಕ ಸರ್ಕಾರದ ಅನುದಾನ ಐತ್ರಿ ಬೀಗರ. ಸುತ್ತ ನಾಕ ತಾಲೂಕಿನ್ಯಾಗ ನಮ್ಮದೊಂದ."

ಶಂಕರೆಪ್ಪ ಎರಡು ಪವರ್‌ಲೂಮ್ ಇಟ್ಟುಕೊಂಡು ಟವೆಲ್ಲು ನೇಯುವ ಮನುಷ್ಯ. ಇನ್ನೊಬ್ಬರು ಕಾರು ತೆಗೆದುಕೊಂಡರೆ, ಮಾಳಿಗೆ ಕಟ್ಟಿಸಿದರೆ ಅವನಿಗೆ ಏನೂ ಅನ್ನಿಸುವುದಿಲ್ಲ. ಆದರೆ ಸರ್ಕಾರ ಇನ್ನೊಬ್ಬನನ್ನು ಗುರುತಿಸಿತು, ತನ್ನನ್ನು ಗುರುತಿಸಲಿಲ್ಲ ಅಂದರೆ ಮಾತ್ರ ಅವನಿಗೆ ಕೂತಲ್ಲಿ ಕೂರಲಾಗುವುದಿಲ್ಲ.

"ನಮ್ಮ ಮನ್ಯಾಗೂ ಸರ್ಕಾರದ ಮ್ಯೂಜಿಯಂ ಐತ್ರಿ," ಅಂದುಬಿಟ್ಟ.

ಪಕ್ಕದಲ್ಲೇ ಕೂತಿದ್ದ ನಾನು ಅವನ ಕಡೆ ತಿರುಗಿದೆ. ಎದುರು ಸಾಲಿನಲ್ಲಿ ಅವನ ಹೆಂಡತಿ ಗುರುಬಾಯಿ ಕೈಯಲ್ಲಿದ್ದ ತುತ್ತನ್ನು ಎಲೆಗೆ ವಾಪಸು ಇಟ್ಟಳು.

"ಹೌದೇನ್ರಿ!" ಗಿರಿಮಲ್ಲಪ್ಪನವರು ಖುಷಿಯಾಗಿ ಹೋದರು. "ಹಂಗಾರ ಲಗ್ನದ ದಿನ ದಿಬ್ಬಣದ ಮಂದೀಗೆಲ್ಲಾ ಮದಲ ಮ್ಯೂಜಿಯಂ ತೋರಸೂಣು. ಆಮ್ಯಾಲ ಅಕ್ಕಿಕಾಳು."

ತಿರುಗಿ ಬರುವಾಗ ಬಸ್ಸಿನಲ್ಲಿ ಗುರುಬಾಯಿ ಕೇಳಿದಳು, "ಎಲ್ಲೈತ್ರಿ ಆ ಮ್ಯೂಜಿಯಂ? ಬಚ್ಚಲದಾಗೋ, ಅಟ್ಟದ ಮ್ಯಾಗೋ?"

"ಅಜ್ಜನ ಕುಣಿಮಗ್ಗ ಐತಲ್ಲ, ಅದನ್ನ ಮ್ಯೂಜಿಯಂ ಮಾಡಿದ್ರಾತು."

"ಅದರಾಗ ನಾ ಕುಂತೇನಲ್ರಿ! ಮಗಳ ಸೀರಿ ನೇಯಾಕತ್ತೇನಿ!"

"ನೀ ನೇಯಿ. ಯಾರ ಬ್ಯಾಡ ಅಂದಾರ?" ಅಂದ ಶಂಕರೆಪ್ಪ. ಈ ಮಾತನ್ನು ನೆನಪಿಡಿ.

ಆ ಮಗ್ಗದ ವಿಷಯ ಹೇಳಲೇಬೇಕು. ಶಂಕರೆಪ್ಪನ ಮನೆಯ ಪಡಸಾಲೆಯಲ್ಲಿ ನೆಲದೊಳಗೆ ಸೊಂಟದ ಮಟ್ಟದ ಕುಣಿ ಇದೆ. ಅದರಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಕೈಮಗ್ಗ ಅದು. ಅವನ ಅಜ್ಜ ಸಾತಪ್ಪ ಹಾಕಿದ್ದು. ಊರೆಲ್ಲ ಪವರ್‌ಲೂಮಿಗೆ ಹೋದರೂ ಆ ಮನೆಯಲ್ಲಿ ಒಂದು ಪದ್ಧತಿ ಉಳಿದಿದೆ. ಹೆಣ್ಣುಮಗಳು ಅಕ್ಕಿಕಾಳಿಗೆ, ಅಂದರೆ ಅಕ್ಷತೆಗೆ, ನಿಲ್ಲುವಾಗ ಉಡುವ ಸೀರೆಯನ್ನು ಅವಳ ತಾಯಿ ಅದೇ ಮಗ್ಗದಲ್ಲಿ ಕೂತು ತನ್ನ ಕೈಯಾರೆ ನೇಯಬೇಕು. ಅಂಗಡಿ ಸೀರೆ ಆ ಗಳಿಗೆಗೆ ನಡೆಯುವುದಿಲ್ಲ. ಗುರುಬಾಯಿಯ ಇಬ್ಬರು ನಾದಿನಿಯರೂ ಹಾಗೆ ಉಟ್ಟವರೇ. ಈಗ ಕಾಂಚನಾಳ ಸರದಿ. ಅರ್ಧ ಸೀರೆ ಆಗಿತ್ತು, ಸೆರಗು ಬಾಕಿ ಇತ್ತು.

ಇನ್ನೊಂದು ಸಂಗತಿ, ಇದು ನೇಕಾರರಿಗೆ ಮಾತ್ರ ಗೊತ್ತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿಗೆ ಹಾಸು ಅನ್ನುತ್ತಾರೆ. ಹಾಸು ತೀರುತ್ತ ಬಂದಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ. ಒಂದು ಗೇಣು ಉಳಿಸಿಕೊಂಡು, ಅದರ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿ ಹೊಸೆದು ಜೋಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಎರಡು ಮೂರು ಸಾವಿರ ಎಳೆ, ಕುಂಡೆ ನೆಲಕ್ಕೆ ಅಂಟಿಹೋಗುವ ಕೆಲಸ. ಹೀಗೆ ಹಳೆಯದಕ್ಕೆ ಹೊಸದು, ಅದಕ್ಕೆ ಮತ್ತೊಂದು ಕೆಚ್ಚುತ್ತ ಬಂದ ಮನೆಯವರು ಎದೆಯುಬ್ಬಿಸಿ "ನಮ್ಮ ಅಜ್ಜ ಹಾಕಿದ ಹಾಸು ಇನ್ನೂ ಹರದಿಲ್ಲ" ಅನ್ನುತ್ತಾರೆ. ಬನಹಟ್ಟಿಯಲ್ಲಿ ಈ ಮಾತು ಕೇಳಿ ಯಾರೂ ಹುಬ್ಬು ಏರಿಸುವುದಿಲ್ಲ.

ಖಾಸಗಿ ವಸ್ತುಸಂಗ್ರಹಾಲಯಗಳಿಗೆ ಸಹಾಯಧನ ಕೊಡುವ ಯೋಜನೆಯೊಂದರ ಅರ್ಜಿ ನಮೂನೆಯನ್ನು ಶಂಕರೆಪ್ಪ ಎಲ್ಲಿಂದಲೋ ಹುಡುಕಿ ತಂದ. "ವಸ್ತುವಿನ ಮಹತ್ವ" ಎಂಬ ಕಲಮಿನ ಎದುರು ನಾನು ಹೀಗೆ ಬರೆದೆ: "ಸದರಿ ಮಗ್ಗದ ಹಾಸು ಅರ್ಜಿದಾರರ ಅಜ್ಜ ಕೀರ್ತಿಶೇಷ ಸಾತಪ್ಪನವರ ಕಾಲದಿಂದ ಇಂದಿನವರೆಗೆ ಒಮ್ಮೆಯೂ ಹರಿಯದೆ ಅಖಂಡವಾಗಿ ಸಾಗಿಬಂದಿರುತ್ತದೆ." ಕೆಳಗೆ ಸಾಕ್ಷಿ ಎಂದು ಸಹಿಯನ್ನೂ ಮಾಡಿದೆ. ಈಗಲೂ ಓದಿ ನೋಡಿ, ವಾಕ್ಯದಲ್ಲಿ ಏನು ಕೊರತೆ ಇದೆ ಹೇಳಿ.

ನನ್ನ ಪಿಂಚಣಿಯ ಕಾಗದಕ್ಕೆ ಹದಿನಾಲ್ಕು ತಿಂಗಳು ತೆಗೆದುಕೊಂಡಿತ್ತು ಈ ಸರ್ಕಾರ. ಶಂಕರೆಪ್ಪನ ಅರ್ಜಿಗೆ ಒಂಬತ್ತನೇ ದಿನಕ್ಕೆ ಜೀಪು ಬಂತು! ಮಾರ್ಚ್ ಮುಗಿಯುವುದರೊಳಗೆ ಇಷ್ಟು ವಸ್ತುಸಂಗ್ರಹಾಲಯ ನೋಂದಾಯಿಸಬೇಕು ಎಂದು ಮೇಲಿನಿಂದ ಗುರಿ ಬಂದಿತ್ತಂತೆ. ಬೇಡದಾಗ ಓಡಿಬರುವುದನ್ನು ಇಲಾಖೆಗಳು ಎಲ್ಲಿ ಕಲಿಯುತ್ತವೋ ಗೊತ್ತಿಲ್ಲ.

ಬಂದ ಸಾಹೇಬರ ಹೆಸರು ಸುಭಾಷ್. ತೆಂಕಣ ಜಿಲ್ಲೆಯವರು, ವಯಸ್ಸು ಕಡಿಮೆ, ಇತಿಹಾಸದ ಮೇಲೆ ಪ್ರೀತಿ ಬಹಳ, ಮಗ್ಗ ನೋಡಿದ್ದು ಅದೇ ಮೊದಲು. ಗುರುಬಾಯಿ ಕುಣಿಯಲ್ಲಿ ಕೂತು ನೇಯುತ್ತಿದ್ದಳು. ಶಂಕರೆಪ್ಪ "ಏ, ಕೈ ನಿಲ್ಲಸ, ಸಾಹೇಬ್ರು ಬಂದ್ರು" ಅಂದ. ಅವಳು ಅಡ್ಡನೂಲು ಓಡಿಸುವ ಲಾಳಿಯನ್ನು ಕೈಯಲ್ಲೇ ಹಿಡಿದು ನಿಲ್ಲಿಸಿದಳು. ಏಳಲಿಲ್ಲ. ನಿಶ್ಚಯದ ದಿನದಿಂದ ಗಂಡನ ಜತೆ ಮಾತು ಬಿಟ್ಟಿದ್ದಳು.

"ಇವರು?" ಸಾಹೇಬರು ಕೇಳಿದರು.

"ಮನಿಯವರ್ರಿ. ತಮಗ ತೋರಸಾಕಂತ ಕುಂಡ್ರಿಸೇನ್ರಿ," ಅಂದ ಪುಣ್ಯಾತ್ಮ.

"ಒಳ್ಳೆಯ ಕಲ್ಪನೆ. ಈ ಹಾಸು ನಿಮ್ಮ ಅಜ್ಜ ಹಾಕಿದ್ದೇ?"

"ಹೌದ್ರಿ. ಇನ್ನೂ ಹರದಿಲ್ರಿ."

"ಸೀರೆ ಅರ್ಧಕ್ಕೆ ನಿಂತಿದೆಯಲ್ಲ."

"ಹೌದ್ರಿ, ಅರ್ಧಾ ಆಗೇತ್ರಿ."

"ಅಜ್ಜ ತೀರಿಹೋದರು ಅಲ್ಲವೆ?"

"ತೀರಿಹೋಗ್ಯಾರ್ರಿ."

ಒಂದೇ ಒಂದು ಸುಳ್ಳಿಲ್ಲ ನೋಡಿ! ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಟೇಪು ತರಿಸಿ, ಮಗ್ಗದ ದಿಂಡಿಗೆ ಸುತ್ತಿದ್ದ ನೇಯ್ದ ಬಟ್ಟೆ ಬಿಚ್ಚಿಸಿ ಅಳೆದರು. ಎರಡೂಮುಕ್ಕಾಲು ಮೀಟರ್. ಆಮೇಲೆ ಫೋಟೋ ತೆಗೆದು, ಆದೇಶ ಬರುವ ತನಕ ಮಗ್ಗ ಹೀಗೇ ಇರಲಿ ಅಂದರು. ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀರಿ. ಸಾಹೇಬರು ನನ್ನ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ "ಯಾರು ಬರೆದದ್ದು? ಬಹಳ ಚೆನ್ನಾಗಿದೆ" ಅಂದಿದ್ದರು. ಅದರ ನಂತರ ಅಲ್ಲಿ ನಡೆದದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ.

ಲಗ್ನಕ್ಕೆ ಇಪ್ಪತ್ತೆರಡು ದಿನ ಇದೆ ಅನ್ನುವಾಗ ಆದೇಶ ಬಂತು. ಅರ್ಜಿದಾರರ ಮನೆಯ ಪಡಸಾಲೆಯನ್ನು ವಸ್ತುಸಂಗ್ರಹಾಲಯವೆಂದು ನೋಂದಾಯಿಸಲಾಗಿದೆ. ಸಾತಪ್ಪನವರು ತಮ್ಮ ಮರಣದಿಂದಾಗಿ ಅರ್ಧಕ್ಕೆ ಬಿಟ್ಟುಹೋದ ಸೀರೆಯು ಅಮೂಲ್ಯ ವಸ್ತುವಾಗಿದ್ದು, ಅದನ್ನು ಮುಟ್ಟುವುದು, ಮುಂದುವರಿಸುವುದು, ಕತ್ತರಿಸುವುದು ಶಿಕ್ಷಾರ್ಹ. ಅನುದಾನದ ಬಗ್ಗೆ ಮುಂದೆ ತಿಳಿಸಲಾಗುವುದು. ಆದೇಶದ ಜತೆ ಒಂದು ಹಗ್ಗ, "ಪ್ರೇಕ್ಷಕರು ಮುಟ್ಟಬಾರದು" ಎಂಬ ಬೋರ್ಡು, ಒಬ್ಬ ಕಾವಲುಗಾರ. ಕಾವಲುಗಾರ ಹುನ್ನೂರ ಕಡೆಯ ಮುದಕಪ್ಪ. ನಲವತ್ತು ವರ್ಷ ಕುರಿ ಕಾದು, ಕುರಿ ಮಾರಿ, ಗುತ್ತಿಗೆ ನೌಕರಿಗೆ ಸೇರಿದವನು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬಂದವನೇ ಕುಣಿಯ ಸುತ್ತ ಹಗ್ಗ ಕಟ್ಟಿ ಬಾಗಿಲಲ್ಲಿ ಕೂತ.

"ಸಾತಪ್ಪಜ್ಜ ನೇದದ್ದಂತ!" ಗುರುಬಾಯಿಗೆ ಮಾತು ವಾಪಸು ಬಂತು. "ಎರಡ ತಿಂಗಳಾತು, ಮನಿ ಕೆಲಸದ ನಡುನಡುವ ಕುಂತ ನೇದ ನನ್ನ ಟೊಂಕ ಹರದ ಹೋಗೇತಿ. ನೇದಾಕಿ ಇಲ್ಲಿ ಜೀವಂತ ಕುಂತೇನಿ, ಹೆಸರ ಸತ್ತಾಂವಗ ಬರದಾರ! ಇದನ್ನ ಬರದ ಕೈ ಯಾವುದ್ರಿ ಮಾಸ್ತರ?"

ನಾನು ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೆ.

ಕಾಂಚನಾ ಅಳುತ್ತಲೇ ಬಂದಳು. "ಅಪ್ಪಾ, ಅಂಗಡಿ ಸೀರಿ ಉಟ್ಟ ನಾ ಅಕ್ಕಿಕಾಳಿಗೆ ನಿಂದ್ರಂಗಿಲ್ಲ. ಸಾಲಿ ಬಿಡಸಿ ನೂಲ ಸುತ್ತಾಕ ಹಚ್ಚಿದಿ, ನಾ ಒಂದ ಮಾತ ಅಂದಿಲ್ಲ. ಅವ್ವನ ಕೈಯಿಂದ ಒಂದ ಸೀರಿ ಕೇಳೇನಿ ನಾ. ಅದನ್ನೂ ನೀ ಸರ್ಕಾರಕ್ಕ ಕೊಟ್ಟಿ?"

ಶಂಕರೆಪ್ಪ ಮಗಳ ಮುಖ ನೋಡಲಾರದೆ ಬೋರ್ಡನ್ನು ನೋಡಿದ.

ಮರುದಿನ ನಾವಿಬ್ಬರೂ ಜಮಖಂಡಿಗೆ ಹೋಗಿ ಸಾಹೇಬರನ್ನು ಕಂಡೆವು. ಶಂಕರೆಪ್ಪ ಕೈ ಮುಗಿದು, ಸೀರೆ ಅಜ್ಜ ನೇಯ್ದದ್ದಲ್ಲ, ಹೆಂಡತಿ ನೇಯುತ್ತಿರುವುದು, ಹಾಸು ಅಂದರೆ ಹಿಂಗೆ, ಕೆಚ್ಚುವುದು ಅಂದರೆ ಹಿಂಗೆ ಎಂದು ಬೆರಳಾಡಿಸಿ ತೋರಿಸಿದ. ಸಾಹೇಬರ ಮುಖದ ಬಣ್ಣ ಇಳಿಯಿತು.

"ಫೈಲು ಬೆಂಗಳೂರಿಗೆ ಹೋಗಿ ಸಹಿಯಾಗಿ ಬಂದಿದೆ. ಈಗ ಸೀರೆ ಹೊಸದು ಅಂದರೆ ನೀವು ಸುಳ್ಳು ಮಾಹಿತಿ ಕೊಟ್ಟ ಹಾಗಾಗುತ್ತೆ. ಸಾಕ್ಷಿ ಯಾರು? ನಿವೃತ್ತ ಶಿಕ್ಷಕರು. ಪಿಂಚಣಿ ಬರುತ್ತಾ ನಿಮಗೆ?"

"ಸೀರಿ ಹಳೇದ್ರಿ," ನಾನು ಥಟ್ಟನೆ ಅಂದೆ. "ಬಾಳ ಹಳೇದ್ರಿ."

ಶಂಕರೆಪ್ಪ ನನ್ನನ್ನು ನೋಡಿದ ರೀತಿ ನಾನು ಮರೆಯಲಾರೆ. ನಾನೇನು ಮಾಡಲಿ? ಹದಿನಾಲ್ಕು ತಿಂಗಳು ಅಲೆದು ತಂದ ಪಿಂಚಣಿ ಅದು.

"ಹಾಗಾದರೆ ಸರಿ," ಸಾಹೇಬರು ಉಸಿರು ಬಿಟ್ಟು ಫೈಲಿನಿಂದ ಫೋಟೋದ ಒಂದು ಪ್ರತಿ ತೆಗೆದುಕೊಟ್ಟರು. "ಇದನ್ನು ಕಾವಲುಗಾರನಿಗೆ ಕೊಡಿ. ಫೋಟೋದಲ್ಲಿ ಹೇಗಿದೆಯೋ ಹಾಗೇ ಇರಬೇಕು, ಒಂದು ಕಡ್ಡಿ ಅತ್ತಿತ್ತ ಆಗಬಾರದು. ನಾನು ಏಪ್ರಿಲ್‌ನಲ್ಲಿ ಬಂದು ಅಳತೆ ತೆಗೆದುಕೊಳ್ಳುತ್ತೇನೆ."

ಮನೆಗೆ ಬಂದು ಶಂಕರೆಪ್ಪ ಫೋಟೋವನ್ನು ಮುದಕಪ್ಪನ ಕೈಗೆ ಕೊಟ್ಟು, ಗೋಡೆಗೆ ಒರಗಿ ಕುಸಿದ. ಗುರುಬಾಯಿ ಬಂದು ಫೋಟೋ ಇಣುಕಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಏನ ಹೇಳಿದ್ರಂತ ಸಾಹೇಬ್ರು? ಇನ್ನೊಮ್ಮಿ ಹೇಳ್ರಿ."

"ಫೋಟೋದಾಗ ಹೆಂಗೈತಿ ಹಂಗ ಇರಬೇಕಂತ," ಅಂದೆ ನಾನು.

"ಮುದಕಪ್ಪಣ್ಣಾ, ಫೋಟೋದಾಗ ಕುಣ್ಯಾಗ ಯಾರ ಕುಂತಾರ ನೋಡು."

ಮುದಕಪ್ಪ ಫೋಟೋ ಹತ್ತಿರ ಹಿಡಿದ, ದೂರ ಹಿಡಿದ. "ನೀನ ಕುಂತಿಯಲ್ಲಬೇ ಯವ್ವಾ."

"ಈಗ ಕುಣ್ಯಾಗ ಯಾರದಾರ?"

"ಯಾರೂ ಇಲ್ಲ." ಮುದಕಪ್ಪ ಗಾಬರಿಯಾಗಿ ಎದ್ದು ನಿಂತ. "ಅಯ್ಯ ಬೀರಪ್ಪಾ! ಬಂದ ಎರಡ ದಿನದಾಗ ಒಂದ ಸಾಮಾನ ಕಡಿಮಿ! ಯವ್ವಾ, ಮದಲ ಹೋಗಿ ಕುಂಡ್ರು. ನನ್ನ ನೌಕರಿ ಕಳೀಬ್ಯಾಡ."

ಗುರುಬಾಯಿ ಹಗ್ಗ ದಾಟಿ ಕುಣಿಗಿಳಿದಳು. ಲಾಳಿ ಕೈಗೆ ತೆಗೆದುಕೊಂಡಳು. ಟಕ್ ಎಂದು ಒಂದು ಎಳೆ ಬಿತ್ತು.

"ಕೈ ಆಡಸಾಕತ್ತಿಯಲ್ಲ?" ಮುದಕಪ್ಪ ಕೇಳಿದ.

"ಫೋಟೋದಾಗ ನನ್ನ ಕೈಯಾಗ ಏನೈತಿ?"

"ಲಾಳಿ."

"ಲಾಳಿ ಹಿಡದ ಕೈ ಸುಮ್ಮ ಕುಂಡ್ರತೈತೇನ?"

ಮುದಕಪ್ಪ ತಲೆ ಕೆರೆದುಕೊಂಡ. "ನಾ ಕುರಿ ಕಾದಾಂವ. ಕುರಿ ಮೇಯ್ತಾವಂತ ಯಾವತ್ತೂ ಬಡದಿಲ್ಲ. ಆದ್ರ ಸಾಹೇಬ್ರು ಬಂದ ಅಳತಿ ತಗೋತಾರಬೇ. ಎರಡೂಮುಕ್ಕಾಲು ಇರಬೇಕು."

"ಅಳಿಯೋ ದಿನ ಎರಡೂಮುಕ್ಕಾಲ ಇದ್ದರ ಆತಿಲ್ಲ? ಈ ಸೀರಿ ಮುಗಸಿ ಕೊಯ್ಯತೇನಿ. ಹಾಸಿನ್ಯಾಗ ಇನ್ನೂ ಎರಡ ಸೀರಿಗೆ ಆಗೋವಷ್ಟ ನೂಲೈತಿ. ಇಂಥಾದ ಇನ್ನೊಂದ ಹಿಡದು ಎರಡೂಮುಕ್ಕಾಲಿಗೆ ತಂದ ನಿಲ್ಲಸ್ತೇನಿ. ಸಾಹೇಬ್ರು ಬರ್ಲಿ, ಟೇಪ ತರ್ಲಿ."

ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ ಇದು ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲ, ಪಿಂಚಣಿ ಇದೆಯಲ್ಲ.

ಅಲ್ಲಿಂದ ಮುಂದೆ ಮುದಕಪ್ಪ ನಿಯಮ ಪಾಲಿಸುವುದರಲ್ಲಿ ಸಾಹೇಬರನ್ನೂ ಮೀರಿಸಿದ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಗುರುಬಾಯಿ ಕುಣಿಯಲ್ಲಿರಬೇಕು, ಸಂಜೆ ಐದರ ತನಕ ಏಳಬಾರದು. ಅವಳು ರೊಟ್ಟಿ ಬಡಿಯಲು ಎದ್ದರೆ ಕೋಲು ಅಡ್ಡ ಹಿಡಿದು "ಯವ್ವಾ, ಫೋಟೋದಾಗ ನೀ ರೊಟ್ಟಿ ಬಡ್ಯಾಕತ್ತಿಲ್ಲ" ಅನ್ನುತ್ತಿದ್ದ. ಹಿಂಗಾಗಿ ಒಲೆಯ ಮುಂದೆ ಶಂಕರೆಪ್ಪ ಕೂತ. ಎದುರು ಮನೆಯ ಯಲ್ಲಕ್ಕ ಮಜ್ಜಿಗೆ ಕೊಡುವ ನೆಪದಲ್ಲಿ ದಿನಾ ಬಂದು ಬುಟ್ಟಿಯಲ್ಲಿ ಇಣುಕುತ್ತಿದ್ದಳು.

"ಶಂಕ್ರೆಪ್ಪಣ್ಣಾ, ಇದ ರೊಟ್ಟೀನೋ, ಬಾಗಲಕೋಟಿ ಜಿಲ್ಲಾದ ನಕಾಶೆನೋ? ಇದನ್ನೂ ಹಗ್ಗದೊಳಗ ಇಡ್ರಿ, ನೋಡಾಕ ಮಂದಿ ಬರ್ತಾರ."

ಅವನು ಹಿಟ್ಟು ನಾದಿದ. ಅಷ್ಟಾದರೂ ಶಿಕ್ಷೆ ಅವನಿಗೆ ಆಗಲೇಬೇಕಿತ್ತು. ನನಗೂ ಆಯಿತು, ಆ ರೊಟ್ಟಿಯಲ್ಲಿ ನಾಲ್ಕು ನನ್ನ ಮನೆಗೂ ಬರುತ್ತಿದ್ದವು.

ಲಗ್ನಕ್ಕೆ ಎಂಟು ದಿನ ಮೊದಲು ಸೀರೆ ಮಗ್ಗದಿಂದ ಇಳಿಯಿತು. ಅರಿಷಿಣ ಬಣ್ಣದ ಮೈ, ಕೆಂಪು ದಡಿ. ಕಾಂಚನಾ ಅದನ್ನು ಎದೆಗವಚಿಕೊಂಡು ತಾಯಿಯ ಹೆಗಲ ಮೇಲೆ ಮುಖ ಇಟ್ಟಳು. ಗುರುಬಾಯಿ ಮೂಗು ಒರೆಸಿಕೊಂಡು "ಸರಿ, ಸರಿ, ಇನ್ನ ಎರಡೂಮುಕ್ಕಾಲ ಬಾಕಿ ಐತಿ" ಎಂದು ಮತ್ತೆ ಕುಣಿಗಿಳಿದಳು.

ಲಗ್ನದ ದಿನ ದಿಬ್ಬಣ ಬಂತು. ದಿಬ್ಬಣದ ಮುಂದೆ ಯಾರು? ಸುಭಾಷ್ ಸಾಹೇಬರು! ಆರ್ಕೆಸ್ಟ್ರಾದ ಫೈಲೂ ಅದೇ ಕಚೇರಿಯಲ್ಲಿ ಇದ್ದುದರಿಂದ ಗಿರಿಮಲ್ಲಪ್ಪನವರು ಅವರನ್ನು ಕೈಹಿಡಿದು ಕರೆತಂದಿದ್ದರು.

"ಹೇಗೂ ಬಂದಿದ್ದೇನೆ, ಅಳತೆನೂ ಮುಗಿಸಿಬಿಡೋಣ," ಅಂದರು ಸಾಹೇಬರು.

ದಿಬ್ಬಣವೆಲ್ಲ ಪಡಸಾಲೆಯಲ್ಲಿ ತುಂಬಿತು. ಮುದಕಪ್ಪ ಕೋಲು ಹಿಡಿದು ಸೆಟೆದು ನಿಂತ. ಗುರುಬಾಯಿ ಲಗ್ನದ ಮನೆಯೊಡತಿ, ಮೈತುಂಬ ಆಭರಣ, ಆದರೂ ಫೋಟೋದ ಪ್ರಕಾರ ಕುಣಿಯಲ್ಲಿ ಕೂತಿದ್ದಳು. ಟೇಪು ಬಿಚ್ಚಿತು. ಎರಡೂಮುಕ್ಕಾಲು ಮೀಟರ್, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆ ಇಲ್ಲ. ಶಂಕರೆಪ್ಪ ಗಟ್ಟಿಯಾಗಿ ಉಸಿರು ಬಿಟ್ಟ.

ಅಷ್ಟರಲ್ಲಿ ಅಂಗಳದ ಹಂದರದೊಳಗೆ ಕಾಂಚನಾ ಬಂದು ನಿಂತಳು. ಸಾಹೇಬರು ಕಿಟಕಿಯಿಂದ ಅವಳನ್ನು ನೋಡಿದರು. ಮಗ್ಗವನ್ನು ನೋಡಿದರು. ಅದೇ ಅರಿಷಿಣ, ಅದೇ ಕೆಂಪು ದಡಿ.

"ಆ ಸೀರೆ?"

ಶಂಕರೆಪ್ಪ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

"ನಕಲ್ರಿ ಸಾಹೇಬರ," ಅಂದಳು ಗುರುಬಾಯಿ. "ಇದನ್ನ ನೋಡಿ ನೇದದ್ದು."

ಸಾಹೇಬರ ಮುಖ ಅರಳಿತು. ಹೊರಗೆ ಹೋಗಿ ಸೀರೆಯ ಸೆರಗನ್ನು ಬೆರಳಲ್ಲಿ ಮುಟ್ಟಿ ನೋಡಿ ಬಂದರು. "ಬಹಳ ಚೆನ್ನಾಗಿ ಪ್ರಯತ್ನ ಮಾಡಿದ್ದೀರಿ. ಆದರೆ ಬೇಜಾರು ಮಾಡ್ಕೋಬೇಡಿ ತಾಯಿ, ಮೂಲದ ನಯ ಇದಕ್ಕೆ ಬಂದಿಲ್ಲ. ಸಾತಪ್ಪನವರ ಕೈ ಅಂದರೆ ಅದು ಬೇರೆನೇ."

ಆ ಮೂಲವನ್ನು ಗುರುಬಾಯಿ ಹಿಂದಿನ ಸಂಜೆ, ಶಾವಿಗೆ ಒಣಹಾಕುತ್ತ ನಡುನಡುವೆ ಬಂದು ಎರಡೂಮುಕ್ಕಾಲಿಗೆ ತಂದು ನಿಲ್ಲಿಸಿದ್ದಳು. ಅವಳು ಲಾಳಿಯನ್ನು ಮೇಲೆತ್ತಿದಳು. ಸಾಹೇಬರ ಹಣೆಗೆ ಬೀಳುತ್ತದೆಯೇನೋ ಎಂದುಕೊಂಡೆ. ಅವಳು ಹಂದರದ ಕಡೆ ನೋಡಿದಳು. ಮಗಳು ಕಾಯುತ್ತಿದ್ದಳು.

"ಖರೆ ರೀ," ಅಂದಳು ಹಲ್ಲು ಕಚ್ಚಿ. "ಅಕ್ಕಿಕಾಳಿಗೆ ಹೊತ್ತಾತು, ಈ ಸಾಮಾನ ಎದ್ದ ಹೋಗಬಹುದೇನ್ರಿ?"

ಸಾಹೇಬರು ಅಪ್ಪಣೆ ಕೊಟ್ಟರು. ಹೆತ್ತ ಮಗಳ ಮೇಲೆ ಅಕ್ಕಿಕಾಳು ಹಾಕುವುದಕ್ಕೆ ಸರ್ಕಾರದ ಅಪ್ಪಣೆ!

ಇನ್ನು ಆ ಅನುದಾನಿತ ಆರ್ಕೆಸ್ಟ್ರಾ. ಹನ್ನೊಂದು ಜನ ಬರುತ್ತಾರೆ ಎಂದು ಸ್ಟೇಜು ಹಾಕಿಸಿದ್ದರೆ ಬಂದವರು ಇಬ್ಬರು, ಒಬ್ಬ ಕೀಬೋರ್ಡಿನವನು, ಇನ್ನೊಬ್ಬರು ಸ್ವತಃ ಗಿರಿಮಲ್ಲಪ್ಪನವರು. ಎರಡು ಹಾಡಿಗೆ ದಣಿದು ಶಂಕರೆಪ್ಪನ ಪಕ್ಕದಲ್ಲಿ ಬಂದು ಕೂತರು.

"ಬೀಗರ, ಉಳದವರು ಎಲ್ರಿ?"

"ಕಾರ್ಖಾನಿ ಕೆಲಸಕ್ಕ ಹ್ವಾದ್ರು. ಅನುದಾನ ಮಂಜೂರಾಗಿ ನಾಕ ವರ್ಷಾತ್ರಿ. ಸರ್ಟಿಫಿಕೇಟ್ ಬಂದೈತಿ, ಗಾಜಿನ ಕಟ್ಟ ಹಾಕಿಸೇನಿ. ರೊಕ್ಕ ಬಂದಿಲ್ಲ." ಆಚೀಚೆ ನೋಡಿ ದನಿ ತಗ್ಗಿಸಿದರು. "ನಿಮಗ ಬಂತೇನ್ರಿ?"

ಶಂಕರೆಪ್ಪ ತಲೆ ಅಲ್ಲಾಡಿಸಿದ. ಆ ಗಳಿಗೆಯಲ್ಲಿ ಅವರಿಬ್ಬರೂ ನಿಜವಾದ ಬೀಗರಾದರು.

ಅನುದಾನದ ಪತ್ರ ಮಳೆಗಾಲದಲ್ಲಿ ಬಂತು. ಅದರ ಪ್ರತಿ ಅಕ್ಷರ ನನಗೆ ಬಾಯಿಪಾಠ: "ಪರಿಶೀಲನೆಯಲ್ಲಿ ಸದರಿ ಸೀರೆಯು ಯಾವುದೇ ಬಣ್ಣಗೆಡದೆ, ನೂಲು ಸಡಿಲಾಗದೆ ಅತ್ಯುತ್ತಮ ಸ್ಥಿತಿಯಲ್ಲಿರುವುದು ಕಂಡುಬಂದಿರುವುದರಿಂದ ನಿರ್ವಹಣಾ ಅನುದಾನದ ಅವಶ್ಯಕತೆ ಇರುವುದಿಲ್ಲ." ಮೊನ್ನೆ ನೇಯ್ದ ಸೀರೆಯ ಬಣ್ಣ ಹೇಗೆ ಕೆಡಬೇಕು, ನೀವೇ ಹೇಳಿ! ಹಾಳಾದರೆ ದಂಡ, ಚೆನ್ನಾಗಿಟ್ಟರೆ ಅನುದಾನ ಇಲ್ಲ. ಇದಕ್ಕೊಂದು ಇಲಾಖೆ, ಅದಕ್ಕೊಂದು ಜೀಪು.

"ನಾಕ ಎಳಿ ಹರದ ತೋರಿಸಿದ್ರ ಹೆಂಗ?" ಅಂದ ಶಂಕರೆಪ್ಪ.

"ಹಾಸಿನ ನೂಲಿಗೆ ಕೈ ಹಚ್ಚಿ ನೋಡ್ರಿ," ಅಂದಳು ಗುರುಬಾಯಿ. "ಇದ ಕುಣ್ಯಾಗ ನಿಮ್ಮನ್ನ ಹುಗದ ಬೋರ್ಡ ಹಾಕತೇನಿ."

ಇದೆಲ್ಲ ಆಗಿ ಎರಡು ವರ್ಷ. ಮುದಕಪ್ಪನನ್ನು ಬಾ ಎಂದವರು ಹೋಗು ಎನ್ನಲು ಮರೆತಿದ್ದಾರೆ. ಪಗಾರ ಕೊಡುವುದನ್ನೂ ಮರೆತಿದ್ದಾರೆ. ಅವನು ಈಗ ನೂಲು ಸುತ್ತುತ್ತಾನೆ, ಹಾಸು ತೀರಿದಾಗ ಬೂದಿ ಹಚ್ಚಿ ಕೆಚ್ಚುತ್ತಾನೆ, ಗುರುಬಾಯಿಯ ಜತೆ ಸಮಪಾಲು ಗಳಿಸುತ್ತಾನೆ. ಕಾಂಚನಾಳ ಸೀರೆ ನೋಡಿದ ರಬಕವಿ, ಬನಹಟ್ಟಿಯ ತಾಯಂದಿರು ತಮ್ಮ ಮಗಳಿಗೂ ಅಂಥದೇ ಬೇಕೆಂದು ಒಬ್ಬರ ಹಿಂದೆ ಒಬ್ಬರು ಬಂದರು. ಇವತ್ತಿನವರೆಗೆ ಆ ಅಮೂಲ್ಯ ಸೀರೆಯನ್ನು ಹದಿನೇಳು ಮದುವಣಗಿತ್ತಿಯರು ಉಟ್ಟಿದ್ದಾರೆ. ಐದನೆಯವಳು ಮುದಕಪ್ಪನ ಮಗಳು ರೇಷ್ಮಾ.

ಸುಭಾಷ್ ಸಾಹೇಬರು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತಾರೆ. ಬರುವ ಮೊದಲು ಫೋನ್ ಮಾಡುತ್ತಾರೆ, ಅಷ್ಟು ಒಳ್ಳೆಯ ಮನುಷ್ಯ. ಮೊನ್ನೆಯೂ ಬಂದಿದ್ದರು. ಅಳೆದರು, ಪುಸ್ತಕದಲ್ಲಿ "ಎರಡೂಮುಕ್ಕಾಲು ಮೀಟರ್, ಯಥಾಸ್ಥಿತಿ" ಎಂದು ಬರೆದರು. ಹೊರಡುವಾಗ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿ ನಿಟ್ಟುಸಿರು ಬಿಟ್ಟರು.

"ಪಾಪ, ಸಾತಪ್ಪನವರು. ಈ ಸೀರೆಯನ್ನು ಇನ್ನು ಯಾರು ಮುಗಿಸಬೇಕು?"

"ನೀವ ಊರ ಅಗಸಿ ಬಾಗಲಾ ದಾಟ್ರಿ," ಅಂದಳು ಕುಣಿಯೊಳಗಿನಿಂದ ಗುರುಬಾಯಿ, "ನಾನ ಮುಗಸ್ತೇನಿ."

ಸಾಹೇಬರು ತಮಾಷೆ ಎಂದುಕೊಂಡು ಬಹಳ ನಕ್ಕರು. ಜೀಪು ಅಗಸಿ ದಾಟುವುದರೊಳಗೆ ಲಾಳಿ ಓಡತೊಡಗಿತ್ತು.